ಬಾವುಟಗುಡ್ಡೆ, ಬೀಡಿ ಮತ್ತು ಬೆರಳ ತುದಿಯ ರಕ್ತ

ಮಂಗಳೂರಿಗೆ ಹೊಸದಾಗಿ ಬಂದವರಿಗೆ ದಾರಿ ಹೇಳುವಾಗ ನಾವು ‘ಪಿವಿಎಸ್ ಹತ್ರ ಇಳೀರಿ’ ಅಂತೇವೆ. ಪಿವಿಎಸ್ ಅಂದ್ರೆ ಎಂತ ಅಂತ ಅವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಅದೊಂದು ಬೀಡಿ ಕಂಪೆನಿಯ ಹೆಸರು. ಬೇರೆ ಊರುಗಳಲ್ಲಿ ವೃತ್ತಗಳಿಗೆ ರಾಜರ, ಕವಿಗಳ ಹೆಸರಿದ್ದರೆ ನಮ್ಮಲ್ಲಿ ಊರಿನ ನಟ್ಟನಡುವಿನ ವೃತ್ತವೊಂದು ಜನರ ಬಾಯಲ್ಲಿ ಬೀಡಿಯ ಹೆಸರಲ್ಲಿ ಉಳಿದುಕೊಂಡಿದೆ. ಅದರಲ್ಲಿ ತಪ್ಪೇನೂ ಇಲ್ಲ ಬಿಡಿ. ಈ ಊರು ಬೆಳೆದದ್ದರಲ್ಲಿ ಹೆಂಚಿಗೆ, ಗೋಡಂಬಿಗೆ, ಬ್ಯಾಂಕಿಗೆ ಎಷ್ಟು ಪಾಲುಂಟೋ ಬೀಡಿಗೂ ಅಷ್ಟೇ ಉಂಟು.

ಆದರೆ ಹೊಗೆಸೊಪ್ಪಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ವ್ಯಾಪಾರ, ತೆರಿಗೆ, ಕಾರ್ಮಿಕ ಚಳವಳಿ ಅಂತ ಹೇಳಿ ನಿಲ್ಲಿಸುತ್ತಾರೆ. ವೈದ್ಯರು ಬರೆದರೆ ಶ್ವಾಸಕೋಶ, ಕ್ಯಾನ್ಸರ್ ಅಂತ ಶುರು ಮಾಡುತ್ತಾರೆ. ನನಗೆ ಇವೆರಡರ ನಡುವೆ ಬಿಟ್ಟುಹೋದ ಒಂದು ದಾರಿಯ ಬಗ್ಗೆ ಕುತೂಹಲ: ರಕ್ತನಾಳ. ಈ ಎಲೆ ನಮ್ಮ ಊರಿನೊಳಗೆ ಬಂದದ್ದು ಹೇಗೆ, ನಮ್ಮ ನಾಳಗಳೊಳಗೆ ಹೋಗಿ ಮಾಡಿದ್ದೇನು, ಅದು ಮನುಷ್ಯನಿಗೆ ತಿಳಿದದ್ದು ಯಾವಾಗ? ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕಥೆ ಬೇರೆಯೇ ಕಾಣುತ್ತದೆ.

ಮೊದಲು ಬಿಜಾಪುರಕ್ಕೆ ಹೋಗೋಣ. ಹೊಗೆಸೊಪ್ಪು ಅಮೆರಿಕದ ಗಿಡ. ಪೋರ್ಚುಗೀಸರು ನಮ್ಮ ಪಡುವಣ ಕರಾವಳಿಗೆ ತಂದರು, ಅಲ್ಲಿಂದ ದಖ್ಖನ್ನಿಗೆ ಹತ್ತಿತು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಇಲ್ಲಿ ಈ ಹೊಸ ಸರಕನ್ನು ನೋಡಿ, ಚೆಂದದ ಒಂದು ಕೊಳವೆಯನ್ನೂ ಜೋಡಿಸಿಕೊಂಡು ಬಾದಶಹನಿಗೆ ಉಡುಗೊರೆಯಾಗಿ ಒಯ್ದ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಅಷ್ಟರಲ್ಲಿ ಆಸ್ಥಾನದ ಹಕೀಮ ಅಡ್ಡ ಬಂದ. ಅವನ ವಾದ ತುಂಬ ಸರಳ: ನಮ್ಮ ಗ್ರಂಥಗಳಲ್ಲಿ ಇದರ ಗುಣದ ಬಗ್ಗೆ ಏನೂ ಬರೆದಿಲ್ಲ, ಗೊತ್ತಿಲ್ಲದ್ದನ್ನು ದೊರೆ ಹೇಗೆ ಸೇದುವುದು? ಅಸದ್ ಬೇಗ್ ಬಿಡಲಿಲ್ಲ, ಫರಂಗಿಗಳೇನು ದಡ್ಡರೇ ಅಂತ ವಾದಿಸಿದ. ಬಾದಶಹ ಮತ್ತೆ ಸೇದಲಿಲ್ಲ, ಆದರೆ ಅಮೀರರೆಲ್ಲ ಶುರು ಹಚ್ಚಿಕೊಂಡರು. 1617ರಲ್ಲಿ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸುವಷ್ಟರಲ್ಲಿ ಕಾಲ ಮಿಂಚಿತ್ತು. ಹಕೀಮನ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಇನ್ನೂ ಮುನ್ನೂರು ವರ್ಷ ಬೇಕಾಯಿತು.

ತುಳುನಾಡಿನಲ್ಲಿ ಅದು ಬಚ್ಚಿರೆ–ಬಜ್ಜೆಯಿ ತಟ್ಟೆಗೆ ಸೇರಿತು. ಮನೆಗೆ ಬಂದವರಿಗೆ ಎಲೆ, ಅಡಿಕೆ, ಸುಣ್ಣದ ಜೊತೆ ಪುಗೆರೆಯ ತುಂಡೂ ಇರಬೇಕು, ಇಲ್ಲದಿದ್ದರೆ ಮರ್ಯಾದೆ ಕಡಿಮೆಯಾದ ಹಾಗೆ. ಗದ್ದೆ ಕೆಲಸದವರಿಗಂತೂ ಅದು ದಣಿವಿನ ಮದ್ದು. ಒಂದು ವಸ್ತು ಇಷ್ಟು ಅನಿವಾರ್ಯವಾದ ಮೇಲೆ ಸರಕಾರದ ಕಣ್ಣು ಬೀಳದೆ ಇರುತ್ತದೆಯೇ? ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೆನರಾ ಜಿಲ್ಲೆಯಲ್ಲಿ ಮೊದಲು ಉಪ್ಪನ್ನು, ಆಮೇಲೆ ಹೊಗೆಸೊಪ್ಪನ್ನು ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಅಂದರೆ ಮಾರುವುದು ಕಂಪೆನಿ, ಬೆಲೆ ಕಟ್ಟುವುದೂ ಕಂಪೆನಿ. ಬೇರೆ ಯಾರಾದರೂ ಮಾರಿದರೆ ಅದು ಕಳ್ಳಮಾಲು. ಉಪ್ಪಿಲ್ಲದೆ ಊಟವಿಲ್ಲ, ಹೊಗೆಸೊಪ್ಪಿಲ್ಲದೆ ಕೆಲಸವಿಲ್ಲ ಎನ್ನುವ ಜನರ ಮೇಲೆ ಇದಕ್ಕಿಂತ ಸುಲಭದ ತೆರಿಗೆ ಯಾವುದುಂಟು ಹೇಳಿ?

ಅದರ ಸಿಟ್ಟು ಹೊರಬಂದದ್ದು 1837ರಲ್ಲಿ. ಸುಳ್ಯದ ಕಡೆಯಿಂದ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಹೊರಟ ರೈತರು, ಕಲ್ಯಾಣಸ್ವಾಮಿಯ ಹೆಸರಲ್ಲಿ ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ಬಂದು ಏಪ್ರಿಲ್ 5ರಂದು ಈಗಿನ ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಬ್ರಿಟಿಷರ ಪಕ್ಷದವರು ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಲೂಟಿ, ಎಂದು ಕರೆದು ಹಗುರ ಮಾಡಿದರು. ಆದರೆ ಬಂಡಾಯಗಾರರು ಹೊರಡಿಸಿದ ನಿರೂಪಗಳಲ್ಲಿ ಇದ್ದ ಭರವಸೆಗಳನ್ನು ನೋಡಿ: ಮೂರು ವರ್ಷ ಕಂದಾಯ ಮಾಫಿ, ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಕಟ್ಟುಪಾಡು ರದ್ದು. ಕಲ್ಯಾಣಸ್ವಾಮಿಯನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಏಕಸ್ವಾಮ್ಯ ಹೋದದ್ದು 1850ರ ದಶಕದಲ್ಲಿ.

ಇದನ್ನು ಓದಿದಾಗಲೆಲ್ಲ ನನಗೆ ಒಂದು ವಿಷಯ ಕಾಡುತ್ತದೆ. ಆ ರೈತರು ಹೊಗೆಸೊಪ್ಪು ಬೇಕೆಂದು ಹೋರಾಡಿದರು ಅಂತ ಹೇಳಿದರೆ ಅರ್ಧ ಸತ್ಯ. ಅವರು ಹೋರಾಡಿದ್ದು ತಮ್ಮ ದಿನನಿತ್ಯದ ಮೇಲೆ ಬೇರೆಯವನ ಹಿಡಿತ ಬೇಡ ಎಂದು. ಆದರೆ ಆ ಎಲೆಯೊಳಗೇ ಇನ್ನೊಂದು ಹಿಡಿತ ಉಂಟು ಅಂತ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಬಾವುಟ ಏರುವುದಕ್ಕೆ ಒಂಬತ್ತು ವರ್ಷ ಮೊದಲು, 1828ರಲ್ಲಿ, ಜರ್ಮನಿಯ ಹೈಡೆಲ್ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬ ಇಬ್ಬರು ಆ ಹಿಡಿತವನ್ನು ಎಲೆಯಿಂದ ಬೇರ್ಪಡಿಸಿ ಬಾಟಲಿಯಲ್ಲಿ ತುಂಬಿದ್ದರು. ಎಣ್ಣೆಯಂಥ ದ್ರವ. ಲಿಸ್ಬನ್ನಿನಿಂದ ಫ್ರಾನ್ಸಿನ ಆಸ್ಥಾನಕ್ಕೆ ಹೊಗೆಸೊಪ್ಪು ಕಳಿಸಿದ್ದ ರಾಯಭಾರಿ ಜ್ಯಾಂ ನಿಕೋನ ಹೆಸರು ಗಿಡಕ್ಕೆ ಇತ್ತು, ಗಿಡದಿಂದ ದ್ರವಕ್ಕೂ ಬಂತು: ನಿಕೋಟಿನ್. ಅದು ಎಂಥ ವಿಷ ಅಂದ್ರೆ, 1850ರಲ್ಲಿ ಬೆಲ್ಜಿಯಂನ ಕೌಂಟ್ ಬೊಕಾರ್ಮೆ ಹೆಂಡತಿಯ ತಮ್ಮನನ್ನು ಅದನ್ನೇ ಕುಡಿಸಿ ಕೊಂದ. ಜ್ಯಾಂ ಸ್ಟಾಸ್ ಎಂಬ ರಸಾಯನಶಾಸ್ತ್ರಜ್ಞ ಹೆಣದೊಳಗಿಂದ ನಿಕೋಟಿನ್ ಹೊರತೆಗೆದು ತೋರಿಸಿದ. ಮುಂದಿನ ವರ್ಷ ಕೌಂಟ್‌ನ ತಲೆ ಹೋಯಿತು.

ಕೊಲ್ಲುತ್ತದೆ ಅಂತ ಗೊತ್ತಾಯಿತು. ಆದರೆ ಹನಿ ಹನಿಯಾಗಿ ಒಳಗೆ ಹೋದಾಗ ಏನು ಮಾಡುತ್ತದೆ? ಇದರ ಸುಳಿವು ಕೇಂಬ್ರಿಜ್‌ನಲ್ಲಿ ಸಿಕ್ಕಿತು. 1889ರಲ್ಲಿ ಜಾನ್ ಲ್ಯಾಂಗ್ಲಿ ತನ್ನ ಸಹೋದ್ಯೋಗಿ ಡಿಕಿನ್ಸನ್ ಜೊತೆ ಪ್ರಾಣಿಗಳ ಕತ್ತಿನ ನರಗಂಟಿನ ಮೇಲೆ ಬ್ರಶ್ಶಿನಿಂದ ನಿಕೋಟಿನ್ ಸವರಿ ನೋಡಿದ. ಗಂಟಿನ ಮೂಲಕ ಸಂದೇಶ ಹೋಗುವುದು ನಿಂತೇ ಹೋಯಿತು. ಅಂದರೆ ನಿಕೋಟಿನ್ ಕೂರುವ ಜಾಗ ಈ ಗಂಟುಗಳಲ್ಲೇ ಉಂಟು. ಇದನ್ನೇ ಹಿಡಿದುಕೊಂಡು ಲ್ಯಾಂಗ್ಲಿ, ನಾವು ಹೇಳದೆ ತಾವಾಗಿಯೇ ಕೆಲಸ ಮಾಡುವ ನರಗಳ ಇಡೀ ನಕ್ಷೆ ಬಿಡಿಸಿದ. ಹೃದಯ ಎಷ್ಟು ಬೇಗ ಬಡಿಯಬೇಕು, ಯಾವ ರಕ್ತನಾಳ ಎಷ್ಟು ಬಿಗಿಯಬೇಕು, ಎಷ್ಟು ಸಡಿಲಬೇಕು ಎಂದು ತೀರ್ಮಾನಿಸುವ ನರಗಳು ಇವೇ.

ಈಗ ಒಂದು ಸಿಗರೇಟಿನ ಹಾದಿ ನೋಡೋಣ. ದಮ್ಮು ಎಳೆದು ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟುತ್ತದೆ. ‘ಹಾಯ್’ ಅನ್ನಿಸುವುದು ಅಲ್ಲಿ. ಅದೇ ಹೊತ್ತಿಗೆ ನರದ ತುದಿಗಳಲ್ಲಿ, ಮೂತ್ರಪಿಂಡದ ಮೇಲೆ ಕೂತ ಗ್ರಂಥಿಯಲ್ಲಿ ಗುಂಡಿ ಒತ್ತಿದ ಹಾಗಾಗಿ ಅಡ್ರಿನಲಿನ್ ಬಗೆಯ ರಸಗಳು ಸುರಿಯುತ್ತವೆ. ನಾಯಿ ಅಟ್ಟಿಸಿಕೊಂಡು ಬಂದಾಗ ಸುರಿಯುವುದು ಇವೇ. ನಾಡಿ ನಿಮಿಷಕ್ಕೆ ಹತ್ತು ಹದಿನೈದು ಬಡಿತ ಏರುತ್ತದೆ, ಬಿಪಿ ಐದು ಹತ್ತು ಮಿಲಿಮೀಟರ್ ಮೇಲೆ ಹೋಗುತ್ತದೆ. ಚರ್ಮದ, ಬೆರಳ ತುದಿಯ ಸಣ್ಣ ನಾಳಗಳು ಬಿಗಿಯುತ್ತವೆ, ಬೆರಳು ತಣ್ಣಗಾಗುತ್ತದೆ. ಹೃದಯಕ್ಕೆ ಕೆಲಸ ಹೆಚ್ಚು. ಆದರೆ ಹೊಗೆಯೊಳಗಿನ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು, ಆಮ್ಲಜನಕದ ಸೀಟು ಹಿಡಿದು ಕೂತಿರುತ್ತದೆ. ಹೃದಯಕ್ಕೆ ದುಡಿಮೆ ಜಾಸ್ತಿ, ಊಟ ಕಡಿಮೆ. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ, ಇಪ್ಪತ್ತು ವರ್ಷ.

ನಾಳದೊಳಗಿನ ಕಥೆ ಇನ್ನೂ ಸೂಕ್ಷ್ಮ. ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಅಸ್ತರಿ ಉಂಟು. ಬಹಳ ಕಾಲ ಅದನ್ನು ಬರೀ ಹೊದಿಕೆ ಅಂದುಕೊಂಡಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಪ್ರಯೋಗ ಮಾಡಿ, ಅಸ್ತರಿಯನ್ನು ಉಜ್ಜಿ ತೆಗೆದ ನಾಳಕ್ಕೆ ಸಡಿಲಗೊಳ್ಳಲು ಬರುವುದಿಲ್ಲ ಎಂದು ತೋರಿಸಿದ. ಸಡಿಲಿಸುವ ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲ ಅಂತ ಆಮೇಲೆ ಗೊತ್ತಾಯಿತು. 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ಬಂದದ್ದು ಇದಕ್ಕೇ. ಹೊಗೆ ಮಾಡುವುದು ಈ ಅಸ್ತರಿಯನ್ನು ಹಾಳು ಮಾಡುವ ಕೆಲಸ. ನೈಟ್ರಿಕ್ ಆಕ್ಸೈಡ್ ಕಡಿಮೆಯಾಗುತ್ತದೆ, ನಾಳ ಸಡಿಲವಾಗುವುದಿಲ್ಲ, ಕೊಬ್ಬು ಒಳಗೆ ನುಸುಳುತ್ತದೆ, ರಕ್ತದ ಪ್ಲೇಟ್‌ಲೆಟ್‌ಗಳು ಗುಂಪುಗೂಡುತ್ತವೆ. 1993ರಲ್ಲಿ ಲಂಡನ್ನಿನ ಸಂಶೋಧಕರು ಯಾವ ಕಾಯಿಲೆಯೂ ಇಲ್ಲದ ಯುವಕ ಯುವತಿಯರ ತೋಳಿನ ನಾಳವನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರು. ಸೇದುವವರ ನಾಳ ಆಗಲೇ ಅರಳುವ ಶಕ್ತಿ ಕಳೆದುಕೊಂಡಿತ್ತು. ಗಮನಿಸಿ, ಎದೆನೋವು ಬಂದವರಲ್ಲ, ಆರೋಗ್ಯವಾಗಿ ಓಡಾಡಿಕೊಂಡಿದ್ದವರು. ನಮ್ಮ ನಿಮ್ಮ ವಯಸ್ಸಿನವರು.

ಇಲ್ಲಿ ಒಂದು ಮಾತು ಸರಿಯಾಗಿ ಹೇಳಬೇಕು. ಇದೆಲ್ಲ ನಿಕೋಟಿನ್ ಒಂದರ ಕೆಲಸವಲ್ಲ. ಬಿಗಿಯುವುದು, ಬಡಿತ ಏರಿಸುವುದು, ಬಿಡದ ಹಾಗೆ ಹಿಡಿಯುವುದು ನಿಕೋಟಿನ್. ಅಸ್ತರಿ ಕೆರೆಯುವುದು, ರಕ್ತ ಹೆಪ್ಪುಗಟ್ಟಿಸುವುದು ಹೆಚ್ಚಾಗಿ ಹೊಗೆಯೊಳಗಿನ ಇತರ ಸಾವಿರಾರು ವಸ್ತುಗಳು. ಅದಕ್ಕೇ ಸಿಗರೇಟು ಬಿಡಲು ವೈದ್ಯರು ಕೆಲವು ವಾರ ನಿಕೋಟಿನ್ ಗಮ್ ಕೊಡುವುದರಲ್ಲಿ ವಿರೋಧಾಭಾಸ ಇಲ್ಲ.

ಆದರೆ ಒಂದು ಕಾಯಿಲೆಯಲ್ಲಿ ಈ ರಿಯಾಯಿತಿಯೂ ನಡೆಯುವುದಿಲ್ಲ. 1908ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಲಿಯೊ ಬರ್ಗರ್, ಕತ್ತರಿಸಿ ತೆಗೆದ ಹನ್ನೊಂದು ಕೈಕಾಲುಗಳನ್ನು ಪರೀಕ್ಷಿಸಿ ಒಂದು ವರದಿ ಬರೆದ. ವಯಸ್ಸಾದವರ ಹಾಗೆ ಕೊಬ್ಬು ಕಟ್ಟಿದ್ದಲ್ಲ, ಎಳೆ ವಯಸ್ಸಿನವರ ಸಣ್ಣ ನಾಳಗಳು ಉರಿಯೂತದಿಂದ, ಹೆಪ್ಪಿನಿಂದ ಮುಚ್ಚಿಹೋಗಿದ್ದವು. ಬರ್ಗರ್ ಕಾಯಿಲೆ ಎಂಬ ಹೆಸರು ಬಂದದ್ದು ಹೀಗೆ. ನಡೆದರೆ ಪಾದ, ಮೀನಖಂಡ ಹಿಡಿದುಕೊಳ್ಳುವುದು, ಹೆಬ್ಬೆರಳಿನ ಗಾಯ ವಾಸಿಯಾಗದೆ ಕಪ್ಪಾಗುವುದು, ಕೊನೆಗೆ ಬೆರಳು, ಪಾದ ಕತ್ತರಿಸುವುದು. ಪಶ್ಚಿಮದ ದೇಶಗಳಲ್ಲಿ ಇದು ಅಪರೂಪವಾಗಿದೆ. ಭಾರತದಂಥ ದೇಶಗಳಲ್ಲಿ, ಅದರಲ್ಲೂ ಬೀಡಿ ಸೇದುವ ನಲವತ್ತರೊಳಗಿನ ಗಂಡಸರಲ್ಲಿ, ಈಗಲೂ ಉಂಟು. ಕ್ಲೀವ್‌ಲ್ಯಾಂಡಿನ ವೈದ್ಯರು 1990ರಲ್ಲಿ ತಮ್ಮ ರೋಗಿಗಳ ಲೆಕ್ಕ ಕೊಟ್ಟರು: ಹೊಗೆಸೊಪ್ಪು ಬಿಟ್ಟವರಲ್ಲಿ 94% ಮಂದಿ ಏನನ್ನೂ ಕತ್ತರಿಸಿಕೊಳ್ಳಬೇಕಾಗಲಿಲ್ಲ, ಬಿಡದವರಲ್ಲಿ 43% ಮಂದಿ ಕಳೆದುಕೊಂಡರು. ಇದರಲ್ಲಿ ‘ಕಡಿಮೆ ಮಾಡಿದ್ದೇನೆ’ ಎನ್ನುವುದಕ್ಕೆ ಬೆಲೆಯಿಲ್ಲ. ನಿಕೋಟಿನ್ ಪಟ್ಟಿ ಕೂಡ ಕಾಯಿಲೆಯನ್ನು ಜೀವಂತ ಇಡಬಹುದು.

ದೊರೆಗಳಿಗೂ ಬಿಡಲಿಲ್ಲ. ನಮ್ಮ ಅಜ್ಜಂದಿರು ಯಾರ ಮುಖದ ನಾಣ್ಯದಲ್ಲಿ ಬೀಡಿ ಕೊಂಡರೋ ಆ ಆರನೇ ಜಾರ್ಜ್ ವಿಪರೀತ ಸಿಗರೇಟು ಸೇದುತ್ತಿದ್ದ. ಕಾಲಿನ ರಕ್ತಸಂಚಾರ ನಿಂತುಹೋಗುವ ಹಂತಕ್ಕೆ ಬಂದು 1949ರ ಮಾರ್ಚಿನಲ್ಲಿ ಅರಮನೆಯೊಳಗೇ ಶಸ್ತ್ರಚಿಕಿತ್ಸೆ ಮಾಡಿದರು. ಏನು ಮಾಡಿದರು ಗೊತ್ತೇ? ಕಾಲಿನ ನಾಳಗಳನ್ನು ಬಿಗಿಹಿಡಿಯುವ ಸೊಂಟದ ನರವನ್ನು ತುಂಡರಿಸಿದರು. ಲ್ಯಾಂಗ್ಲಿ ನಿಕೋಟಿನ್ ಸವರಿ ನಕ್ಷೆ ಬಿಡಿಸಿದ್ದು ಇದೇ ಬಗೆಯ ನರಗಳದ್ದು. ಕಾಲು ಉಳಿಯಿತು. 1951ರಲ್ಲಿ ಒಂದು ಶ್ವಾಸಕೋಶ ಹೋಯಿತು. 1952ರ ಫೆಬ್ರವರಿ 6ರಂದು ಹೃದಯದ ನಾಳದಲ್ಲಿ ಹೆಪ್ಪುಗಟ್ಟಿ ತೀರಿಕೊಂಡ. ವಯಸ್ಸು 56.

ಮತ್ತೆ ಮಂಗಳೂರಿಗೆ. ಇಪ್ಪತ್ತನೇ ಶತಮಾನದಲ್ಲಿ ಬೀಡಿ ಇಲ್ಲಿ ಮನೆಮನೆಯ ಕಸುಬಾಯಿತು. ಎಲೆ ಮಧ್ಯ ಭಾರತದ ಕಾಡಿನಿಂದ, ಹೊಗೆಸೊಪ್ಪು ನಿಪ್ಪಾಣಿ, ಗುಜರಾತಿನಿಂದ, ಕೈಗಳು ನಮ್ಮವು. ಸೇದಿದ್ದು ಗಂಡಸರಾದರೆ ಕಟ್ಟಿದ್ದು ಹೆಚ್ಚಾಗಿ ಹೆಂಗಸರು. ತೊಡೆಯ ಮೇಲೆ ತಡ್ಪೆ, ಕತ್ತರಿ, ನೂಲು, ಸಂಜೆ ಕಟ್ಟು ಹಿಡಿದುಕೊಂಡು ಬ್ರಾಂಚಿಗೆ. ಸಾವಿರಕ್ಕೆ ಇಷ್ಟು ಅಂತ ಮಜೂರಿ. ಆ ಹಣ ಅವಳ ಕೈಗೇ ಬರುತ್ತಿತ್ತು, ಅದೇ ದೊಡ್ಡ ವಿಷಯ. ಈ ಊರಿನಲ್ಲಿ ಇವತ್ತು ಲ್ಯಾಪ್‌ಟಾಪ್ ಮುಂದೆ ಕೂತಿರುವ ಎಷ್ಟೋ ಮಂದಿಯ ಶಾಲೆ ಫೀಸು ಬೀಡಿ ಬ್ರಾಂಚಿನಿಂದ ಬಂದದ್ದು. ನನ್ನ ಜೊತೆ ಓದಿದವರಲ್ಲೇ ಅಂಥವರಿದ್ದರು. ಅವರೆದುರು ‘ಬೀಡಿ ಕೆಟ್ಟದ್ದು’ ಅಂತ ಸಲೀಸಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅವರ ಹಕ್ಕೂ ಸುಲಭವಾಗಿ ಬಂದದ್ದಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು, ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದಿತು. ಕೇರಳ ಅದನ್ನು ಜಾರಿ ಮಾಡಲು ಹೊರಟಾಗ 1968ರಲ್ಲಿ ಗಣೇಶ್ ಬೀಡಿ ಕಣ್ಣೂರು ಕಡೆಯ ತನ್ನ ಕೆಲಸ ಮುಚ್ಚಿ ಗಡಿ ಈಚೆ ಬಂತು, ಅಲ್ಲಿ ಸಾವಿರಾರು ಜನ ಬೀದಿಗೆ ಬಿದ್ದರು. ಅವರೇ 1969ರಲ್ಲಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಕಾಯ್ದೆಯನ್ನು ಪ್ರಶ್ನಿಸಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸುಪ್ರೀಂ ಕೋರ್ಟಿಗೂ ಹೋಯಿತು. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಕಟ್ಟುವವರ ಮೈಗೂ ನಿಕೋಟಿನ್ ಹೋಗುತ್ತದೆ ಎಂಬುದು ಇನ್ನೊಂದು ಮಗ್ಗುಲು. ಹೊಗೆಸೊಪ್ಪಿನ ಧೂಳು, ಚರ್ಮದ ಮೂಲಕ ಒಳಸೇರಿ ಅದರ ಗುರುತು ಅವರ ಮೂತ್ರದಲ್ಲಿ ಸಿಗುತ್ತದೆ. ಒಂದು ಬೀಡಿಯನ್ನೂ ಸೇದದವರಲ್ಲೂ.

ಬೀಡಿ ಸಣ್ಣದು, ಎಲೆಯದು, ಆದ್ದರಿಂದ ಸಿಗರೇಟಿಗಿಂತ ವಾಸಿ ಅಂತ ಒಂದು ನಂಬಿಕೆ ಉಂಟಲ್ಲ? ಅದರಲ್ಲಿ ಹೊಗೆಸೊಪ್ಪು ಕಡಿಮೆ ಇರುವುದು ನಿಜ. ಆದರೆ ಆರದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ದೆಹಲಿ ಮತ್ತು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹೃದಯಾಘಾತವಾದ ಗಂಡಸರನ್ನು ಇತರರೊಡನೆ ಹೋಲಿಸಿ 2005ರಲ್ಲಿ ಬಂದ ಅಧ್ಯಯನ, ದಿನಕ್ಕೆ ಹತ್ತಕ್ಕೂ ಹೆಚ್ಚು ಬೀಡಿ ಸೇದುವವರಿಗೆ ಅಪಾಯ ಸುಮಾರು ನಾಲ್ಕು ಪಟ್ಟು ಎಂದಿತು. ಮರುವರ್ಷ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ ಲೆಕ್ಕ: ಬೀಡಿ ಸೇದುವವರಿಗೆ ಸುಮಾರು 2.9 ಪಟ್ಟು, ಬರೀ ಜಗಿಯುವವರಿಗೂ 2.2 ಪಟ್ಟು. ಅಂದರೆ ಬಚ್ಚಿರೆ ತಟ್ಟೆಯೂ ಪಾರಾಗಲಿಲ್ಲ. ಅದೇ ಅಧ್ಯಯನ ಇನ್ನೊಂದು ಹೇಳಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಮಧ್ಯದ ವಯಸ್ಸು 53, ಉಳಿದವರಿಗೆ ಸುಮಾರು 59. ನಮಗೆ ಮೊದಲೇ ಆರು ವರ್ಷ ಕಡಿಮೆ.

ಈಚಿನ ಚರಿತ್ರೆ ಬೇಗ ಹೇಳುತ್ತೇನೆ, ನೀವೇ ನೋಡಿದ್ದು. 2003ರಲ್ಲಿ ಕೇಂದ್ರದ ತಂಬಾಕು ಕಾಯ್ದೆ, 2009ರಲ್ಲಿ ಪ್ಯಾಕಿನ ಮೇಲೆ ಚಿತ್ರ, 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ, 2016ರಲ್ಲಿ ಇ–ಸಿಗರೇಟು ನಿಷೇಧ, 2019ರಲ್ಲಿ ಅದೇ ದೇಶಕ್ಕೆಲ್ಲ, 2024ರಲ್ಲಿ ಹುಕ್ಕಾ. ಪ್ಯಾಕಿನ 85% ಜಾಗದಲ್ಲಿ ಎಚ್ಚರಿಕೆ ಇರಬೇಕೆಂಬ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು, ಒಂದು ತಿಂಗಳೊಳಗೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಇಷ್ಟಾದ ಮೇಲೂ ಆಫೀಸಿನ ಕೆಳಗಿನ ಗೂಡಂಗಡಿಯಲ್ಲಿ ಹನ್ನೊಂದು ಗಂಟೆಗೆ ಗುಂಪು ಸೇರುತ್ತದೆ. ‘ಸ್ಟ್ರೆಸ್ ಮಾರಾಯ್ರೆ, ಒಂದು ಬಿಟ್ರೆ ತಲೆ ಓಡುತ್ತೆ’ ಅಂತಾರೆ. ಲ್ಯಾಂಗ್ಲಿಯ ನರಗಂಟು ನೆನಪಿಸಿಕೊಳ್ಳಿ. ದೇಹವನ್ನು ನಾಯಿ ಅಟ್ಟಿಸಿದ ಸ್ಥಿತಿಗೆ ತರುವ ವಸ್ತು ಸ್ಟ್ರೆಸ್ ಇಳಿಸುವುದು ಹೇಗೆ? ಅದು ಇಳಿಸುವುದು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದುಹೋದದ್ದರಿಂದ ಬಂದ ಚಡಪಡಿಕೆಯನ್ನು ಮಾತ್ರ. ಕಂಪೆನಿ ಸರಕಾರ ಉಪ್ಪು, ಹೊಗೆಸೊಪ್ಪಿನ ಮೇಲೆ ಇಟ್ಟಿದ್ದ ಕಟ್ಟುಪಾಡಿನ ಹಾಗೆಯೇ ಇದು: ಕೊರತೆ ಹುಟ್ಟಿಸುವವನೂ ಅವನೇ, ಮಾರುವವನೂ ಅವನೇ. ಇನ್ನು ಕದ್ದುಮುಚ್ಚಿ ವೇಪ್ ಎಳೆಯುವವರು ‘ಇದರಲ್ಲಿ ಹೊಗೆ ಇಲ್ಲ’ ಅಂತಾರೆ. ಹೊಗೆ ಇಲ್ಲದಿರಬಹುದು, ಗುಂಡಿ ಒತ್ತುವ ಬೆರಳು ಅದೇ.

ಒಳ್ಳೆಯ ಸುದ್ದಿಯೂ ಉಂಟು. ರಕ್ತನಾಳ ಶ್ವಾಸಕೋಶಕ್ಕಿಂತ ಬೇಗ ಕ್ಷಮಿಸುತ್ತದೆ. ಕೊನೆಯ ಸಿಗರೇಟು ಆರಿಸಿ ಇಪ್ಪತ್ತು ನಿಮಿಷಕ್ಕೆ ನಾಡಿ, ಬಿಪಿ ಇಳಿಯತೊಡಗುತ್ತವೆ. ಒಂದೆರಡು ದಿನದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೀಟು ಬಿಟ್ಟು ಏಳುತ್ತದೆ. ಒಂದು ವರ್ಷಕ್ಕೆ ಹೃದಯಾಘಾತದ ಹೆಚ್ಚುವರಿ ಅಪಾಯ ಅರ್ಧಕ್ಕೆ, ಹದಿನೈದು ವರ್ಷಕ್ಕೆ ಹೆಚ್ಚುಕಡಿಮೆ ಸೇದದವರ ಮಟ್ಟಕ್ಕೆ. ಮೂವತ್ತರಲ್ಲಿ ಬಿಟ್ಟವರ ನಲವತ್ತೈದು ಎಷ್ಟು ಹಗುರ ಅಂತ ಲೆಕ್ಕ ಹಾಕಿ. ಒಬ್ಬರೇ ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ. ಕೇಂದ್ರ ಸರಕಾರದ ಸಹಾಯವಾಣಿ, ದುಡ್ಡಿಲ್ಲ.

ಮತ್ತೆ ಬೀಡಿ ಕಟ್ಟುವವರು? ನಾವು ಸೇದುವುದು ಬಿಟ್ಟರೆ ಅವರ ಅನ್ನ ಹೋಗುವುದಿಲ್ಲವೇ ಎಂಬ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಉತ್ತರ ಗಡಿಯಾಚೆ ಸ್ವಲ್ಪ ಉಂಟು. ಬೀಡಿಗೆ ಗಿರಾಕಿ ಇಳಿದಾಗ ದಿನೇಶ್ ಸಂಘದವರು ಕಾರ್ಮಿಕರನ್ನು ಮನೆಗೆ ಕಳಿಸಿ ಕೈಕಟ್ಟಿ ಕೂರಲಿಲ್ಲ. ತೆಂಗಿನ ಹಾಲು, ಉಪ್ಪಿನಕಾಯಿ, ಛತ್ರಿ, ಬಟ್ಟೆ, ಕೊನೆಗೆ ಸಾಫ್ಟ್‌ವೇರ್ ತನಕ ಕೈಹಾಕಿದರು. ಎಲ್ಲವೂ ಗೆದ್ದಿತು ಅಂತಲ್ಲ, ಆದರೆ ಯೋಚನೆ ಕಾರ್ಮಿಕರಿಂದ ಶುರುವಾಯಿತು. ನಮ್ಮಲ್ಲಿ ಆ ಹೆಂಗಸರು ತಮ್ಮ ಮಕ್ಕಳನ್ನು ಓದಿಸಿ ತಮ್ಮ ಪಾಲಿನ ದಾರಿ ಆಗಲೇ ಕಂಡುಕೊಂಡಿದ್ದಾರೆ, ಆ ಮಕ್ಕಳು ತಡ್ಪೆ ಹಿಡಿಯುತ್ತಿಲ್ಲ. ಈಗಲೂ ಕಟ್ಟುತ್ತಿರುವವರು ವಯಸ್ಸಾದವರು. ಅವರಿಗೆ ಬೇಕಾದದ್ದು ಪಿಂಚಣಿ ಮತ್ತು ಬೇರೆ ಕೆಲಸ, ನಮ್ಮ ಸಿಗರೇಟಲ್ಲ.

2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಲ್ಲಿಸಿದರು. ಗುಡ್ಡೆಯಿಂದ ಕೆಳಗಿಳಿದರೆ ಹಂಪನಕಟ್ಟೆ, ಅಲ್ಲೇ 1848ರಿಂದ ಇರುವ ವೆನ್‌ಲಾಕ್ ಆಸ್ಪತ್ರೆ. ಮೇಲೆ ಹೊಗೆಸೊಪ್ಪಿನ ಕಟ್ಟುಪಾಡು ಬೇಡವೆಂದವರ ನೆನಪು, ಕೆಳಗೆ ಜಿಲ್ಲೆಯ ಬಡವರು ಕಾಲಿನ ಹುಣ್ಣು, ಎದೆಯ ನೋವು ಹೊತ್ತುಕೊಂಡು ಬರುವ ಜಾಗ. ನಡುವಿನ ದೂರ ನಡೆದು ಹೋಗುವಷ್ಟೇ. ಒಮ್ಮೆ ನಡೆದು ನೋಡಿ.